ಯಾವ ಹೆಪ್ಪು ಅಂತ ಕೇಳಮ್ಮ

ನಿನ್ನೆ ಸಂಜೆ ಸಿಂಗಯ್ಯನಪಾಳ್ಯ ಮೆಟ್ರೋ ಮೆಟ್ಟಿಲ ಹತ್ತಿರ ಸಿಕ್ಕೆಯಲ್ಲ, ನಿನ್ನ ಮುಖ ಬಾಡಿತ್ತು. ಎಂಟು ತಿಂಗಳ ಹೊಟ್ಟೆ ಹೊತ್ತು ಆಫೀಸಿನಿಂದ ಬರುವ ದಣಿವು ಅಂದುಕೊಂಡೆ. ಡಾಕ್ಟರು "ಕ್ಲಾಟ್ ಆಗಬಹುದು, ನಡೆದಾಡುತ್ತಿರಿ" ಅಂದ ಒಂದು ಮಾತಿಗೆ ರಾತ್ರಿಯೆಲ್ಲ ನಿದ್ದೆ ಬಿಟ್ಟಿದ್ದೀಯ ಅಂತ ಆಮೇಲೆ ಗೊತ್ತಾಯಿತು. ಮೂವತ್ತು ವರ್ಷ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದವಳು ನಾನು. ಬೀದಿಯಲ್ಲಿ ನಿಂತು ಹೇಳಿ ಮುಗಿಸುವ ವಿಷಯವಲ್ಲ ಅಂತ ಬರೆಯುತ್ತಿದ್ದೇನೆ.

ರಕ್ತ ಹೆಪ್ಪುಗಟ್ಟುವುದು ರೋಗವಲ್ಲ. ಈಳಿಗೆ ಮಣೆಯಲ್ಲಿ ಬೆರಳು ಕೊಯ್ದುಕೊಂಡರೆ ನಾಲ್ಕೈದು ನಿಮಿಷದಲ್ಲಿ ರಕ್ತ ನಿಲ್ಲುವುದು ಅದರಿಂದಲೇ. ಹೆರಿಗೆಯಲ್ಲಿ ರಕ್ತ ಸುರಿದುಹೋಗದಿರಲಿ ಅಂತ ಬಸುರಿಯ ರಕ್ತಕ್ಕೆ ಬೇಗ ಹೆಪ್ಪುಗಟ್ಟುವ ಗುಣ ಮೊದಲೇ ಬಂದಿರುತ್ತದೆ. ಆ ಗುಣವೇ ನಾಳದ ಒಳಗೆ ಕೆಲಸ ಶುರುಮಾಡಿದರೆ ಕಷ್ಟ. ಕಟ್ಟಿದ ಜಾಗದಲ್ಲೇ ಕೂತ ಹೆಪ್ಪು ಥ್ರಾಂಬಸ್. ಅದು ಕಿತ್ತುಕೊಂಡು ಹರಿದುಹೋಗಿ ಶ್ವಾಸಕೋಶದಲ್ಲೋ ಮತ್ತೆಲ್ಲೋ ಸಿಕ್ಕಿಕೊಂಡರೆ ಎಂಬಾಲಸ್. ತಲೆಗೆ ಪೆಟ್ಟು ಬಿದ್ದು, ನಾಳ ಒಡೆದು, ಹೊರಗೆ ರಕ್ತ ಗಡ್ಡೆಗಟ್ಟಿದರೂ ಜನ ಕ್ಲಾಟ್ ಅಂತಲೇ ಅನ್ನುತ್ತಾರೆ. ಒಂದಕ್ಕೆ ಹೆಪ್ಪು ಕರಗಿಸುವ ಔಷಧಿ ಜೀವ ಉಳಿಸಿದರೆ, ಇನ್ನೊಂದಕ್ಕೆ ಅದೇ ಔಷಧಿ ಜೀವ ತೆಗೆಯಬಹುದು. ಆದ್ದರಿಂದ ಯಾರಾದರೂ ಕ್ಲಾಟ್ ಅಂದರೆ ಹೆದರುವ ಮೊದಲು ಕೇಳು: ಎಲ್ಲಿ? ನಾಳದ ಒಳಗೋ, ಹೊರಗೋ?

ನಿನ್ನ ಬಾಣಂತನಕ್ಕೆ ಅಮ್ಮ ಊರಿನಿಂದ ಬರುತ್ತಾರಲ್ಲ, ನನ್ನ ನಿಜವಾದ ಚಿಂತೆ ಅಲ್ಲಿದೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಹೆತ್ತು ಹತ್ತು ದಿನವಾದ ಹುಡುಗಿಯೊಬ್ಬಳನ್ನು ಕರೆತಂದರು. ಮೂರು ದಿನ ತಲೆನೋವು, ಆಮೇಲೆ ಫಿಟ್ಸ್. ಗಾಳಿ ಸೋಕಿದೆ ಅಂತ ತಾಯಿತ ಕಟ್ಟಿಸಿದ್ದರು. ತುಟಿ ಒಣಗಿ ಸಿಪ್ಪೆ ಎದ್ದಿತ್ತು. ನೀರೆಷ್ಟು ಕೊಟ್ಟಿರಿ ಅಂದರೆ ಅವಳ ಅಜ್ಜಿ ಚೀಲದಿಂದ ಸಣ್ಣ ಲೋಟ ತೆಗೆದು ತೋರಿಸಿದಳು: ಬೆಳಿಗ್ಗೆ ಅರ್ಧ, ರಾತ್ರಿ ಅರ್ಧ. ನೀರು ಕುಡಿದರೆ ಹೊಟ್ಟೆ ಬರುತ್ತೆ, ಮಗುವಿಗೆ ಶೀತವಾಗುತ್ತೆ ಅನ್ನುವ ನಂಬಿಕೆ. ಅಜ್ಜಿಯ ಪ್ರೀತಿಯಲ್ಲಿ ಕೊರತೆಯಿರಲಿಲ್ಲ. ಮಿದುಳಿನಿಂದ ರಕ್ತ ವಾಪಸ್ ಒಯ್ಯುವ ಸಿರೆಯಲ್ಲಿ ಹೆಪ್ಪು ಕಟ್ಟಿತ್ತು. ಹುಡುಗಿ ಉಳಿದಳು, ಬಲಗೈ ಮಾತ್ರ ಮೊದಲಿನಂತಾಗಲಿಲ್ಲ.

ಬಾಣಂತಿಯರ ಈ ಕಾಯಿಲೆಯನ್ನು ನಮ್ಮ ನಿಮ್ಹಾನ್ಸ್‌ನಲ್ಲಿ ಡಾ. ಡಿ. ನಾಗರಾಜ ಮತ್ತು ಜೊತೆಯವರು ವರ್ಷಗಟ್ಟಲೆ ಅಭ್ಯಾಸ ಮಾಡಿದರು. ಕಡಿಮೆ ಪ್ರಮಾಣದ ಹೆಪಾರಿನ್‌ನಿಂದ ಇಂಥವರಿಗೆ ಅನುಕೂಲವಿದೆ ಅಂತ 1999ರಲ್ಲಿ ಪ್ರಕಟಿಸಿದರು. ರಕ್ತ ತೆಳು ಮಾಡುವ ಔಷಧಿ ಅನ್ನುತ್ತಾರಲ್ಲ, ಇದು ಆ ಜಾತಿಯದು. ಹಾಗಂತ ರಕ್ತ ನೀರಾಗಿಬಿಡುವುದಿಲ್ಲ, ಹೆಪ್ಪು ಬೆಳೆಯದಂತೆ ತಡೆಯುತ್ತದೆ ಅಷ್ಟೆ. ಬಸುರಿಯರಿಗೆ ಕೊಟ್ಟರೂ ಹೊಟ್ಟೆಯ ಮಗುವಿಗೆ ದಾಟುವುದಿಲ್ಲ.

ಹೆತ್ತ ಮೇಲಿನ ಆರು ವಾರ ಅಪಾಯ ಹೆಚ್ಚು, ಸಿಸೇರಿಯನ್ ಆದರೆ ಇನ್ನೂ ಹೆಚ್ಚು. ಬಾಯಾರಿದಾಗೆಲ್ಲ ನೀರು ಕುಡಿ. ಡಾಕ್ಟರು ಏಳು ಅಂದ ದಿನವೇ ಎದ್ದು ಕೋಣೆಯಲ್ಲಿ ಓಡಾಡು.

ಈಗಂತೂ ರಿಂಗ್ ರೋಡಿನ ಟ್ರಾಫಿಕ್ಕಿನಲ್ಲಿ ಕೂತಾಗ ಪಾದ ಮೇಲೆ ಕೆಳಗೆ ಆಡಿಸುತ್ತಿರು. ಮೀನಖಂಡ ಹಿಂಡಿದಾಗಲೇ ಕಾಲಿನ ರಕ್ತ ಮೇಲೇರುವುದು. ಸಂಜೆ ಎರಡೂ ಪಾದ ಕೊಂಚ ಊದುವುದು ಸಾಮಾನ್ಯ. ಒಂದೇ ಕಾಲು ಊದಿ, ಬಿಸಿಯಾಗಿ, ನೋಯತೊಡಗಿದರೆ ತಡಮಾಡಬೇಡ. ಬಸುರಿಯರಲ್ಲಿ ಅದು ಹೆಚ್ಚಾಗಿ ಎಡಗಾಲು. ಉಳುಕು ಅಂತ ಎಣ್ಣೆ ಹಚ್ಚಿ ಯಾರಿಂದಲೂ ನೀವಿಸಿಕೊಳ್ಳಬೇಡ, ಹೆಪ್ಪು ಕಿತ್ತುಕೊಂಡು ಮೇಲೆ ಹೋದೀತು. ಡಾಪ್ಲರ್ ಸ್ಕ್ಯಾನ್ ನೋವಿಲ್ಲದ್ದು, ಮಾಡಿಸು. ಇದ್ದಕ್ಕಿದ್ದಂತೆ ಉಸಿರು ಸಿಕ್ಕಿಕೊಂಡರೆ, ಎದೆ ಚುಚ್ಚಿದರೆ, ಬಿಡದ ತಲೆನೋವಿನ ಜೊತೆ ಕಣ್ಣು ಮಂಜಾದರೆ 108ಕ್ಕೆ ಫೋನ್ ಮಾಡಿಸು.

ಅಮ್ಮ ಬಂದ ದಿನ ನನಗೊಂದು ಮಾತು ಹೇಳು. ನಾನೇ ಬರುತ್ತೇನೆ, ಅವರ ಪಕ್ಕ ಕೂತು ಮಾತಾಡುತ್ತೇನೆ. ನಿನ್ನ ಮಂಚದ ಪಕ್ಕ ಇಡಲು ದೊಡ್ಡದೊಂದು ತಾಮ್ರದ ಚೊಂಬು ತರುತ್ತೇನೆ.