ಕಾಲು ಇದ್ದಷ್ಟು ಹಾಸಿಗೆ

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಈ ಅಂಕಣದಲ್ಲಿ ಎಷ್ಟು ಸಲ ಬಳಸಿದ್ದೇನೋ ಲೆಕ್ಕವಿಲ್ಲ. ಸಾಲ, ಕ್ರೆಡಿಟ್ ಕಾರ್ಡು, ಮದುವೆ ಖರ್ಚು, ಎಲ್ಲಕ್ಕೂ ಅದೇ ಮದ್ದು. ಒಂದು ಕಡೆ ಮಾತ್ರ ಅದು ನನಗೆ ಕೈಕೊಟ್ಟಿದೆ. ಮನೆಯಲ್ಲಿ ದೊಡ್ಡ ನಾಯಿ ಸಾಕಿಕೊಂಡು ಕಾರು ಕೊಳ್ಳಲು ಹೊರಟವರು ಮೊದಲು ಕಾಲು ಅಳೆಯಬೇಕು, ಆಮೇಲೆ ಹಾಸಿಗೆ ಹುಡುಕಬೇಕು. ಇಷ್ಟು ತಿಳಿಯಲು ನನಗೆ ಎರಡು ವರ್ಷ ಮತ್ತು ಸುಮಾರು ನಾಲ್ಕು ಲಕ್ಷ ರೂಪಾಯಿ ಹಿಡಿಯಿತು.

ನಮ್ಮಲ್ಲಿ ಇಬ್ಬರಿದ್ದಾರೆ. ಗುಂಡ, 34 ಕೆಜಿಯ ಲ್ಯಾಬ್ರಡಾರ್. ಹೆಸರಿಗೆ ತಕ್ಕ ಮೈ. ಚಂಪಿ, 23 ಕೆಜಿಯ ಮುಧೋಳ, ಮೈಯೆಲ್ಲ ಕಾಲು. ಅತ್ತೆ–ಮಾವ ಇರುವುದು ತೀರ್ಥಹಳ್ಳಿಯ ಹತ್ತಿರ. ಬೆಂಗಳೂರಿನಿಂದ ತುಮಕೂರು, ಅರಸೀಕೆರೆ, ಕಡೂರು, ಶಿವಮೊಗ್ಗ ದಾಟಿ ಅಲ್ಲಿಗೆ ಮುಟ್ಟಲು, ನಾಯಿಗಳಿಗಾಗಿ ನಿಲ್ಲಿಸಿ ನಿಲ್ಲಿಸಿ ಹೋದರೆ, ಎಂಟು ಗಂಟೆ. ರೈಲಿನಲ್ಲಿ ನಾಯಿ ಜೊತೆಗೇ ಇರಬೇಕೆಂದರೆ ಫಸ್ಟ್ ಎಸಿಯ ಕೂಪೆ ಪೂರ್ತಿ ನಮ್ಮದಾಗಬೇಕು. ಇಲ್ಲವಾದರೆ ಗಾರ್ಡ್ ಬೋಗಿಯ ನಾಯಿ ಪೆಟ್ಟಿಗೆಯೇ ಗತಿ. ಹಾಗಾಗಿ ಕಾರು.

2021ರಲ್ಲಿ ಕಾರು ನೋಡಲು ಹೋದಾಗ ನಾಯಿಗಳನ್ನು ಮನೆಯಲ್ಲೇ ಬಿಟ್ಟು ಹೋದೆವು. ಎಡವಿದ್ದು ಅಲ್ಲೇ. ನಾವು ಮನಸ್ಸು ಮಾಡಿದ್ದ ಕಾರಿನ ಶೋರೂಂ ಬೆಲೆ 9.80 ಲಕ್ಷ. ಅಲ್ಲಿದ್ದ ಹುಡುಗ, ‘ಮೇಡಂ, ಸನ್‌ರೂಫ್ ಇಲ್ದಿರೋದು ಈಗ ಯಾರೂ ತಗೊಳಲ್ಲ, ಆಮೇಲೆ ಮಾರೋಕೂ ಕಷ್ಟ’ ಅಂದ. ಸನ್‌ರೂಫ್ ಇದ್ದದ್ದು 11.20 ಲಕ್ಷ. ವ್ಯತ್ಯಾಸ 1.40 ಲಕ್ಷ ತಾನೇ ಎಂದುಕೊಂಡು ತಲೆಯಾಡಿಸಿದೆ. ಕರ್ನಾಟಕದಲ್ಲಿ ಕಾರಿನ ಬೆಲೆ 10 ಲಕ್ಷ ದಾಟಿದ ಕೂಡಲೇ ಜೀವಿತಾವಧಿ ತೆರಿಗೆ ಶೇ 14ರಿಂದ ಶೇ 17ಕ್ಕೆ ನೆಗೆಯುತ್ತದೆ, ಅದೂ ಹೆಚ್ಚುವರಿ ಮೊತ್ತಕ್ಕಲ್ಲ, ಇಡೀ ಬೆಲೆಗೆ. ಬೇರೆಯವರಿಗೆ ಲೆಕ್ಕ ಹೇಳುವ ನನಗೆ ಆ ಹೊತ್ತಿನಲ್ಲಿ ಇದು ಹೊಳೆಯಲಿಲ್ಲ. 1,37,200 ಆಗಬೇಕಿದ್ದ ತೆರಿಗೆ 1,90,400 ಆಯಿತು; ಸೆಸ್ ಬೇರೆ. ಅಲ್ಲಿಗೆ ಆ ಗಾಜಿನ ಕಿಂಡಿಗೆ ನಾನು ತೆತ್ತದ್ದು 1,93,200 ರೂಪಾಯಿ. ಶೇ 9ರ ಬಡ್ಡಿಯಲ್ಲಿ ಐದು ವರ್ಷದ ಸಾಲವೆಂದರೆ ಲಕ್ಷಕ್ಕೆ ತಿಂಗಳ ಕಂತು 2,076. ಕಿಂಡಿಯೊಂದಕ್ಕೇ ತಿಂಗಳಿಗೆ ನಾಲ್ಕು ಸಾವಿರ.

ಕಾರು ಮನೆಗೆ ಬಂದ ದಿನ ಗುಂಡ ಡಿಕ್ಕಿಯ ಮುಂದೆ ನಿಂತು ನನ್ನ ಮುಖ ನೋಡಿದ. ಅಂಚು ನೆಲದಿಂದ 76 ಸೆಂಟಿಮೀಟರ್ ಎತ್ತರ. ಅವನು ಹಾರಲಿಲ್ಲ; ಎತ್ತಿ ಹಾಕಲು ಹೋದ ನಮ್ಮವರ ಸೊಂಟ ಹಿಡಿದುಕೊಂಡಿತು. ಒಳಗೆ ಹೋಗಿದ್ದರೂ ಚಂಪಿಗೆ ಅಲ್ಲಿ ತಲೆ ಎತ್ತಿ ನಿಲ್ಲಲು ಆಗುತ್ತಿರಲಿಲ್ಲ. ಕೊನೆಗೆ ಇಬ್ಬರೂ ಹಿಂದಿನ ಸೀಟಿಗೇ ಬಂದರು. ತಿಳಿ ಬಣ್ಣದ ಸೀಟು ಮೂರು ತಿಂಗಳಲ್ಲಿ ಗೀರುಗಳ ನಕಾಶೆಯಾಯಿತು. ವಿಮೆಯವರು ಉಗುರಿನ ಗೀರಿಗೆ ಹಣ ಕೊಡುವುದಿಲ್ಲ; ಅದು ಸವಕಳಿಯ ಲೆಕ್ಕ.

ಸೀಟು ಹೋದರೆ ಹೋಗಲಿ. ಮರುವರ್ಷ ತರೀಕೆರೆಯ ಹತ್ತಿರ ಎಮ್ಮೆಯೊಂದು ಅಡ್ಡ ಬಂತು. ನಮ್ಮವರು ಬ್ರೇಕ್ ಒತ್ತಿದರು. ಎಮ್ಮೆಗೆ ಏನೂ ಆಗಲಿಲ್ಲ. ಹಿಂದೆ ನಿಂತಿದ್ದ ಗುಂಡ ಎರಡು ಸೀಟುಗಳ ನಡುವೆ ತೂರಿ ಬಂದು ಗೇರ್‌ಗೆ ಎದೆ ಬಡಿದುಕೊಂಡ. ಅವನ ಹೊಡೆತಕ್ಕೆ ನಮ್ಮವರ ಕೈ ಸ್ಟೀರಿಂಗ್‌ನಿಂದ ಜಾರಿತು. ಎಕ್ಸ್‌ರೇ, ಔಷಧ, ಮೂರು ಸಲದ ಓಡಾಟ ಸೇರಿ 14,000 ರೂಪಾಯಿ ಕೈಯಿಂದಲೇ ಹೋಯಿತು. ವಾಹನ ವಿಮೆ ಕಾರಿನ ಬಂಪರ್ ಕಟ್ಟಿಕೊಡುತ್ತದೆ, ಒಳಗಿದ್ದ ನಾಯಿಯ ಪಕ್ಕೆಲುಬು ಅದರ ಪಟ್ಟಿಯಲ್ಲಿಲ್ಲ. ನಾಯಿಗೆ ಬೇರೆಯೇ ವಿಮೆ ಮಾಡಿಸಬೇಕು.

ಆ ರಾತ್ರಿ ಪಿಯುಸಿಯ ಭೌತಶಾಸ್ತ್ರ ನೆನಪಿಗೆ ಬಂತು. ಗಂಟೆಗೆ 50 ಕಿಲೋಮೀಟರ್ ವೇಗದ ಕಾರು ಏನಕ್ಕಾದರೂ ಗುದ್ದಿ ನಿಂತರೆ, ಕಟ್ಟದೇ ಬಿಟ್ಟ ನಾಯಿ ಅದೇ ವೇಗದಲ್ಲಿ ಮುಂದೆ ಹಾರುತ್ತದೆ. ಸುಮಾರು ಹತ್ತು ಮೀಟರ್ ಎತ್ತರದಿಂದ, ಎಂದರೆ ಮೂರನೇ ಮಹಡಿಯಿಂದ, ಬಿದ್ದಷ್ಟೇ ವೇಗ ಅದು. 80ರ ವೇಗವಾದರೆ ಎಂಟನೇ ಮಹಡಿ. ಮೂವತ್ತನಾಲ್ಕು ಕೆಜಿ ಅಷ್ಟು ಎತ್ತರದಿಂದ ಬೀಳುವುದು ಅವನ ಮೈಮೇಲಷ್ಟೇ ಅಲ್ಲ, ಮುಂದೆ ಕೂತ ನಮ್ಮ ಬೆನ್ನ ಮೇಲೂ. ಕಾರಿನ ಸುರಕ್ಷತೆಯ ನಕ್ಷತ್ರಗಳನ್ನು ಹೆಮ್ಮೆಯಿಂದ ಎಣಿಸುತ್ತೇವೆ. ಆ ನಕ್ಷತ್ರಗಳು ಬೆಲ್ಟ್ ಬಿಗಿದ ಮನುಷ್ಯರ ಗೊಂಬೆಗಳನ್ನು ಕೂರಿಸಿ ಕೊಟ್ಟವು. ಹಿಂದಿನಿಂದ ಹಾರಿ ಬರುವ ಗುಂಡ ಆ ಪರೀಕ್ಷೆಯಲ್ಲಿರಲಿಲ್ಲ.

ಕಾನೂನನ್ನು ನೆಚ್ಚಿಕೊಂಡೂ ಪ್ರಯೋಜನವಿಲ್ಲ. ಚಾಲಕನ ಹಿಡಿತಕ್ಕೆ ಅಡ್ಡಿಯಾಗುವಂತೆ ಯಾರನ್ನೂ ಏನನ್ನೂ ಇಡಬಾರದು ಎಂದು 1988ರ ಮೋಟಾರು ವಾಹನ ಕಾಯ್ದೆಯ 125ನೇ ಸೆಕ್ಷನ್ ಹೇಳುತ್ತದೆ. ಪ್ರಾಣಿಗೆ ನೋವಾಗುವಂತೆ ಸಾಗಿಸುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಮೊದಲ ಸಲದ ದಂಡ ಹತ್ತರಿಂದ ಐವತ್ತು ರೂಪಾಯಿ. ಕ್ಯಾತ್ಸಂದ್ರದಲ್ಲಿ ಇಬ್ಬರು ತಟ್ಟೆ ಇಡ್ಲಿ ತಿಂದರೆ ಅದಕ್ಕಿಂತ ಹೆಚ್ಚಾಗುತ್ತದೆ.

2023ರಲ್ಲಿ ಆ ಕಾರು ಮಾರಿದೆವು. ತೆರಿಗೆ, ಸವಕಳಿ ಎಲ್ಲ ಸೇರಿ ಸುಮಾರು ನಾಲ್ಕು ಲಕ್ಷ ಕರಗಿತ್ತು. ಈ ಸಲ ಶೋರೂಮಿಗೆ ಓಡಲಿಲ್ಲ. ಗುಂಡ ಮಧ್ಯಾಹ್ನ ಹಜಾರದಲ್ಲಿ ಕಾಲು ಚಾಚಿ ಮಲಗುವುದನ್ನೇ ಕಾದು, ಸುತ್ತ ರಂಗೋಲಿ ಪುಡಿಯಲ್ಲಿ ಗೆರೆ ಎಳೆದೆ. ಚಂಪಿಗೂ ಹಾಗೇ. ಎರಡೂ ಚೌಕ ಜೋಡಿಸಿದಾಗ ಬಂದದ್ದು ಹೆಚ್ಚುಕಡಿಮೆ 110 ಸೆಂಟಿಮೀಟರ್‌ಗೆ 110. ಚಂಪಿ ಕೂತಾಗಿನ ಎತ್ತರವನ್ನು ಗೋಡೆಗೆ ಪೆನ್ಸಿಲಿನಲ್ಲಿ ಗುರುತು ಮಾಡಿದೆ. ಇದು ನನ್ನ ಹೊಸ ಬಜೆಟ್ಟು. ರೂಪಾಯಿ ಆಮೇಲೆ ಬಂತು.

ಈ ಅಳತೆ ಕೈಯಲ್ಲಿದ್ದರೆ ಜಾಹೀರಾತುಗಳು ಬೇರೆಯೇ ಥರ ಕಾಣುತ್ತವೆ. ಕಂಪನಿಯವರು ಡಿಕ್ಕಿಯನ್ನು ಲೀಟರಿನಲ್ಲಿ ಹೇಳುತ್ತಾರೆ. ಲೀಟರು ಹಾಲಿಗೆ ಸರಿ, ನಾಯಿಗೆ ಬೇಕಾದ್ದು ಸೆಂಟಿಮೀಟರು. ಆದರೂ ಲೀಟರು ಒಂದು ದಾರಿ ತೋರಿಸುತ್ತದೆ: ಏಳು ಸೀಟಿನ ಕಾರಿನ ಮೂರನೇ ಸಾಲು ಮಡಚಿದರೆ ಜಾಗ ಎಷ್ಟು ಹಿಗ್ಗುತ್ತದೆ ನೋಡಿ. ಎರ್ಟಿಗಾದಲ್ಲಿ ಆ ಸಾಲು ಎದ್ದಿದ್ದರೆ 209 ಲೀಟರು, ಮಡಚಿದರೆ 550. ಟ್ರೈಬರ್‌ನಲ್ಲಿ ಆ ಸೀಟುಗಳನ್ನು ಬಿಚ್ಚಿಯೇ ಇಡಬಹುದು. 84 ಇದ್ದದ್ದು 625 ಆಗುತ್ತದೆ. ಈಗ ಹೊಸದು ಕೊಳ್ಳುವವರು ಇನ್ನೊಂದು ಗೆರೆಯನ್ನೂ ನೋಡಬೇಕು. 2025ರ ಸೆಪ್ಟೆಂಬರ್ 22ರಿಂದ, ನಾಲ್ಕು ಮೀಟರ್ ಮೀರದ, 1200 ಸಿಸಿ ಒಳಗಿನ ಪೆಟ್ರೋಲ್ ಕಾರಿಗೆ ಜಿಎಸ್‌ಟಿ ಶೇ 18. ಗೆರೆ ದಾಟಿದವಕ್ಕೆ ಶೇ 40. ಟ್ರೈಬರ್ ಗೆರೆಯ ಈಚೆ, ಎರ್ಟಿಗಾ ಆಚೆ. ಒಂದೇ ದೊಡ್ಡ ನಾಯಿ ಇದ್ದವರಿಗೆ ಈಚೆಯದೇ ಸಾಕಾಗಬಹುದು. ಸಿಎನ್‌ಜಿ ಅಗ್ಗವೆಂದು ಮುಗಿಬೀಳಬೇಡಿ. ಸಿಲಿಂಡರು ಕೂರುವುದು ಸಾಮಾನ್ಯವಾಗಿ ಡಿಕ್ಕಿಯಲ್ಲೇ, ನಾಯಿ ಮಲಗಬೇಕಾದ ಜಾಗದಲ್ಲಿ.

ನಾವು ಕೊಂಡದ್ದು ಐದು ವರ್ಷ ಹಳೆಯ ಏಳು ಸೀಟಿನ ಕಾರು. ಕೆಎ ನೋಂದಣಿಯದ್ದನ್ನೇ ಹುಡುಕಿದೆವು. ಹೊರ ರಾಜ್ಯದ್ದಾದರೆ ಇಲ್ಲಿ ಮತ್ತೆ ತೆರಿಗೆ ಕಟ್ಟಬೇಕು. ಈ ಸಲ ಗುಂಡನೂ ಜೊತೆಗೆ ಬಂದಿದ್ದ. ಟೇಪು ಹಿಡಿದು ಡಿಕ್ಕಿಯೊಳಗೆ ಮಂಡಿಯೂರಿದ್ದ ನನ್ನನ್ನು ನೋಡಿ ಮಾರುವವರು, ‘ಫ್ರಿಜ್ ಸಾಗಿಸ್ತೀರಾ ಮೇಡಂ?’ ಎಂದರು. ಗುಂಡನನ್ನು ತೋರಿಸಿದೆ. ಪಾಪ, ಆಮೇಲೆ ಟೇಪಿನ ಇನ್ನೊಂದು ತುದಿ ಹಿಡಿದುಕೊಂಡರು.

ಕನ್ನಡದಲ್ಲಿ ಡಿಕ್ಕಿ ಎಂದರೆ ಸಾಮಾನು ತುಂಬುವ ಜಾಗವೂ ಹೌದು, ಗುದ್ದುವುದೂ ಹೌದು. ನಾಯಿ ಇರುವವರು ಮೊದಲನೆಯದನ್ನು ನೋಡುವಾಗ ಎರಡನೆಯದನ್ನು ಮರೆಯಬಾರದು. ಎರಡನೇ ಸಾಲಿನ ಬೆನ್ನಿಗೆ ಉಕ್ಕಿನ ಜಾಲರಿ ಹಾಕಿಸಿದೆವು, ಕಾರಿನ ಮೈಗೆ ತೂತು ಕೊರೆಯದೆ, ಇದ್ದ ಬೋಲ್ಟುಗಳಿಗೇ ಬಿಗಿದು: 5,500. ಎದೆಗೆ ಅಗಲ ಪಟ್ಟಿಯಿರುವ ಎರಡು ಹಾರ್ನೆಸ್, ಕಟ್ಟಲು ಗಿಡ್ಡ ಬೆಲ್ಟು: 4,800. ಕೊರಳಪಟ್ಟಿಗೆ ಕಟ್ಟಿದರೆ ಬ್ರೇಕ್ ಹಾಕಿದಾಗ ಕುತ್ತಿಗೆಗೇ ಬೀಳುತ್ತದೆ, ಆದ್ದರಿಂದ ಎದೆಪಟ್ಟಿ. ಬಡಗಿ ಮಾಡಿಕೊಟ್ಟ, ಮೇಲೆ ತೆಂಗಿನ ನಾರಿನ ಹಾಸು ಬಡಿದ ಏರುಹಲಗೆ: 1,900. ಜಾರದ ರಬ್ಬರ್ ಹಾಸು: 1,600. ಮುಧೋಳದ ಮೈಯಲ್ಲಿ ಕೊಬ್ಬು ಕಡಿಮೆ, ಗಟ್ಟಿ ನೆಲ ಚುಚ್ಚುತ್ತದೆ. ಅವಳಿಗೆ ಮೇಲೊಂದು ಹಳೆಯ ಕೌದಿ. ಮೂರನೇ ಸಾಲನ್ನು ಕಿತ್ತಿಲ್ಲ, ಮಡಚಿದ್ದೇವೆ. ಆರ್‌ಸಿಯಲ್ಲಿರುವ ಸೀಟುಗಳ ಸಂಖ್ಯೆಯ ತಂಟೆ ಬೇಡವೆಂದು.

ಕಾಸಿಲ್ಲದ ಎಚ್ಚರಗಳೂ ಇವೆ. ಹೊರಡುವ ಮೂರು ನಾಲ್ಕು ಗಂಟೆ ಮೊದಲೇ ಊಟ ಮುಗಿಸಬೇಕು, ಅದೂ ಅರೆಹೊಟ್ಟೆ. ಎರಡು ಗಂಟೆಗೊಮ್ಮೆ ನೀರು, ನೆರಳು, ನಾಲ್ಕು ಹೆಜ್ಜೆ. ಬಾಗಿಲು ತೆರೆಯುವ ಮೊದಲು ಹಗ್ಗ ಕೈಯಲ್ಲಿರಬೇಕು. ಹೊರಗೆ ಹಿತವಾದ 24 ಡಿಗ್ರಿ ಇದ್ದರೂ ಬಿಸಿಲಿಗೆ ನಿಂತ ಕಾರಿನೊಳಗೆ ಹತ್ತೇ ನಿಮಿಷದಲ್ಲಿ ಸುಮಾರು ಹತ್ತು ಡಿಗ್ರಿ ಏರುತ್ತದೆ. ನಾಯಿಯದು ನಮ್ಮಂತೆ ಬೆವರಿ ತಣಿಯುವ ಮೈಯಲ್ಲ, ತೇಕಿಯೇ ತಣಿಯಬೇಕು. ಮೈಬಿಸಿ 41 ಡಿಗ್ರಿ ದಾಟಿದರೆ ಜೀವಕ್ಕೇ ಕುತ್ತು. ಆದ್ದರಿಂದ ನಮ್ಮದು ಸರದಿ ಇಡ್ಲಿ. ನಮ್ಮವರು ತಿಂದು ಬರುವ ತನಕ ನಾನು ನಾಯಿಗಳ ಜೊತೆ, ಆಮೇಲೆ ನಾನು.

ಹೊಸ ಕಾರಿನಲ್ಲಿ ಮೊದಲ ಸಲ ಹೋದಾಗ ಅತ್ತೆ ಅಂಗಳದಲ್ಲಿ ನಿಂತು ನೋಡಿ, ‘ಎಂತದೇ ಇದು ಮಾರಾಯ್ತಿ, ನಾಯಿಗೆ ಹಲಗೆ ಹಾಸ್ತೀಯಲ್ಲ!’ ಎಂದು ನಕ್ಕರು. ಜಾಲರಿ, ಹಾರ್ನೆಸ್, ಹಲಗೆ, ಹಾಸು, ಆ ನಾಲ್ಕು ಸಾಮಾನಿನ ಒಟ್ಟು ಖರ್ಚು 13,800. ಹಿಂದಿನ ಕಾರಿನ ಗಾಜಿನ ಕಿಂಡಿಗೆ ಸುರಿದದ್ದರ ಹದಿನಾಲ್ಕನೇ ಒಂದು ಪಾಲು. ಕಿಂಡಿ ತೆರೆದದ್ದು ಎರಡು ವರ್ಷದಲ್ಲಿ ಮೂರೋ ನಾಲ್ಕೋ ಸಲ. ಹಲಗೆಯ ನಾರು ನಡುವೆ ಸವೆದು ಹೋಗಿ ಈಗಾಗಲೇ ಒಂದು ಸಲ ಬದಲಿಸಿದ್ದೇವೆ. ಗುಂಡನ ಮೂತಿ ಬೆಳ್ಳಗಾಗಿದೆ, ಏರುವಾಗ ನಡುವೆ ಒಮ್ಮೆ ನಿಲ್ಲುತ್ತಾನೆ. ಹೋದ ತಿಂಗಳು ಹೊರಡುವ ಹೊತ್ತಿಗೆ ನಾನು ಚೀಲ ಎತ್ತಿಡುತ್ತಿದ್ದೆ. ತಿರುಗಿ ನೋಡಿದರೆ ಅತ್ತೆಯೇ ಹಲಗೆ ಹಾಸಿ, ಅದು ಅಲುಗದಂತೆ ಕಾಲಿನಿಂದ ಒತ್ತಿ ಹಿಡಿದು, ‘ನಿಧಾನ ಹತ್ತಾ, ಅವಸರ ಎಂತದಿಲ್ಲ’ ಎನ್ನುತ್ತಿದ್ದರು.