ರಾಜಧಾನಿಯಿಂದ ರಾಜಧಾನಿಗೆ, ಲೆಕ್ಕ ಹಾಕಿಕೊಂಡು

ಕಾರಿನಲ್ಲಿ ಹೈದರಾಬಾದ್‌ಗೆ ಹೋಗಿಬರಲು ಎಷ್ಟಾಗುತ್ತೆ ಎಂದು ನಮ್ಮ ರಾಮನಗರದಲ್ಲಿ ಯಾರನ್ನೇ ಕೇಳಿ, ಪೆಟ್ರೋಲ್ ದುಡ್ಡಷ್ಟೇ ಹೇಳುತ್ತಾರೆ. ಬೆಂಗಳೂರು, ಹೈದರಾಬಾದ್ ನಡುವೆ ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಸುಮಾರು 570 ಕಿ.ಮೀ. ನಮ್ಮೂರಿಂದ ಹೊರಟರೆ ಮತ್ತೊಂದೈವತ್ತು. ಹೋಗಿಬರಲು 1,250 ಎಂದಿಟ್ಟುಕೊಳ್ಳಿ. ಲೀಟರಿಗೆ 15 ಕಿ.ಮೀ. ಕೊಡುವ ಕಾರಿಗೆ 84 ಲೀಟರ್ ಬೇಕು. ಲೀಟರಿಗೆ 103 ರೂಪಾಯಿಯಂತೆ ಎಂಟೂವರೆ ಸಾವಿರ ದಾಟುತ್ತದೆ.

ಇಲ್ಲಿಗೇ ಪೆನ್ನು ಮುಚ್ಚುವವರ ಪ್ರಕಾರ ಟೈರು ಸವೆಯುವುದೇ ಇಲ್ಲ! ನಾಲ್ಕು ಟೈರಿಗೆ 20,000 ಕೊಟ್ಟು 40,000 ಕಿ.ಮೀ. ಓಡಿಸಿದರೆ ಕಿಲೋಮೀಟರಿಗೆ 50 ಪೈಸೆ. ಹತ್ತು ಸಾವಿರ ಕಿ.ಮೀ.ಗೊಮ್ಮೆ ಸರ್ವೀಸಿಗೆ 8,000 ಆದರೆ 80 ಪೈಸೆ. ಎರಡೂ ಸೇರಿ ಈ ಪ್ರಯಾಣದ ಪಾಲು 1,625 ರೂಪಾಯಿ. ಅವತ್ತೇ ಜೇಬಿನಿಂದ ಹೋಗುವುದಿಲ್ಲ, ಅಷ್ಟೇ.

ಬಾಗೇಪಲ್ಲಿ ದಾಟುವ ಮುನ್ನ ಟ್ಯಾಂಕ್ ತುಂಬಿಸುವುದು ನನ್ನ ರೂಢಿ. ರಾಜ್ಯ ತೆರಿಗೆ ಹೆಚ್ಚಿರುವುದರಿಂದ ಆಂಧ್ರ, ತೆಲಂಗಾಣ ಎರಡರಲ್ಲೂ ಪೆಟ್ರೋಲ್ ನಮಗಿಂತ ದುಬಾರಿ. ಆಂಧ್ರದಲ್ಲಿ ಇನ್ನೂ ಜಾಸ್ತಿ. ಹಾಗಾಗಿ ವಾಪಸ್ ಬರುವಾಗ ಹೈದರಾಬಾದಿನಲ್ಲೇ ತುಂಬಿಸಿಕೊಂಡು, ಕರ್ನೂಲು, ಅನಂತಪುರಗಳಲ್ಲಿ ಬಂಕಿನ ಕಡೆ ನೋಡದೆ ಬರುತ್ತೇನೆ.

ಟೋಲ್ ಹೋಗಿಬರುವಷ್ಟರಲ್ಲಿ ಸಾವಿರ ದಾಟುತ್ತದೆ. 2025ರ ಆಗಸ್ಟ್ 15ರಂದು ಬಂದ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಆಗ 3,000 ರೂಪಾಯಿ. ಒಂದು ವರ್ಷ ಅಥವಾ 200 ಸಲ, ಯಾವುದು ಮೊದಲೋ ಅಲ್ಲಿಯವರೆಗೆ. ಇದೊಂದೇ ಪ್ರವಾಸಕ್ಕಾಗಿ ಕೊಂಡರೆ ನಷ್ಟ. ಆದರೆ ಚನ್ನಪಟ್ಟಣದಿಂದ ಎಕ್ಸ್‌ಪ್ರೆಸ್‌ವೇ ಹಿಡಿದು ಆಗಾಗ ಬೆಂಗಳೂರಿಗೋ ಮೈಸೂರಿಗೋ ಓಡಾಡುವವರಿಗೆ ಪಾಸ್ ಬೇಗನೆ ಗಿಟ್ಟುತ್ತದೆ, ಹೈದರಾಬಾದ್ ದಾರಿಯ ಟೋಲ್ ಅದರಲ್ಲೇ ಮುಗಿಯುತ್ತದೆ. ನೈಸ್ ರಸ್ತೆ, ಹೈದರಾಬಾದಿನ ಹೊರವರ್ತುಲ ರಸ್ತೆಗಳಲ್ಲಿ ಮಾತ್ರ ಈ ಪಾಸ್ ನಡೆಯದು. ಬೆಂಗಳೂರಿನ ಟ್ರಾಫಿಕ್ಕೂ ಬೇಡ, ನೈಸ್ ಟೋಲೂ ಬೇಡ ಎನ್ನುವವರು ಮಾಗಡಿ ಮೇಲೆ ದಾಬಸ್‌ಪೇಟೆ ಸೇರಿ, ದೊಡ್ಡಬಳ್ಳಾಪುರ, ದೇವನಹಳ್ಳಿ ಹಿಡಿಯಬಹುದು. ನನಗೆ ಈ ದಾರಿಯೇ ಇಷ್ಟ.

ನೆಂಟರೊಡನೆ ಹೋದಾಗ ದುಡ್ಡಿನ ಮಾತು ಆಡುವುದೇ ಕಷ್ಟ. ಚನ್ನಪಟ್ಟಣದ ನನ್ನ ಷಡ್ಕ ಹೊರಡುವಾಗಲೇ, "ಪೆಟ್ರೋಲ್ ನಾನ್ ಹಾಕಿಸ್ತೀನಣ್ಣ, ಊಟ ತಿಂಡಿ ನೀವ್ ನೋಡ್ಕೊಳ್ಳಿ" ಅಂದ. ನಾನು ಒಪ್ಪಲಿಲ್ಲ. ಹೀಗೆ ಪಾಲು ಹಂಚಿಕೊಂಡವರು ಊರಿಗೆ ಬಂದ ಮೇಲೆ ಯಾರು ಎಷ್ಟು ಬಿರಿಯಾನಿ ತಿಂದರೆಂದು ಗೊಣಗುವುದನ್ನು ಕೇಳಿದ್ದೇನೆ. ಎರಡೂ ಮನೆಯವರು ಮುಂಚೆಯೇ ಸಮಪಾಲು ಹಾಕಿ, ಆ ಹಣವನ್ನು ನಾದಿನಿಯ ಕೈಗೆ ಕೊಟ್ಟೆವು. ಅವಳ ಕೈ ಬಿಗಿ. ದಾರಿಯುದ್ದಕ್ಕೂ ಫೋನ್ ತೆಗೆದು ಹಣ ಕೊಟ್ಟಿದ್ದು ಅವಳೊಬ್ಬಳೇ. ಅಲ್ಲಿನವರಿಗೆ ಕೊಡುವ ಗೊಂಬೆಗಳನ್ನೂ ಅವಳೇ ಚನ್ನಪಟ್ಟಣದ ಹಳೆ ಹೆದ್ದಾರಿ ಪಕ್ಕದ ಅಂಗಡಿಯಲ್ಲಿ ಚೌಕಾಸಿ ಮಾಡಿ ತಂದಿದ್ದಳು.

ಸ್ವಂತ ಕಾರಿಲ್ಲದವರು ಪರಿಚಯದವರ ವೈಟ್ ಬೋರ್ಡ್ ಗಾಡಿಯನ್ನು ಬಾಡಿಗೆಗೆ ಒಯ್ಯುವುದು ನಮ್ಮ ಕಡೆ ಮಾಮೂಲು. ದಯವಿಟ್ಟು ಬೇಡ. ಖಾಸಗಿ ಕಾರಿನ ವಿಮೆ ಬಾಡಿಗೆ ಓಟಕ್ಕೆ ಅನ್ವಯಿಸುವುದಿಲ್ಲ. ಅಪಘಾತವಾದರೆ ಉಳಿಸಿದ ಎರಡು ಮೂರು ಸಾವಿರಕ್ಕೆ ಲಕ್ಷಗಳು ಹೋದಾವು. ಎಲ್ಲೋ ಬೋರ್ಡ್ ಗಾಡಿಯನ್ನೇ ಮಾತಾಡಿ. ಕಿಲೋಮೀಟರ್ ದರವೊಂದನ್ನೇ ಕೇಳಿ ಸುಮ್ಮನಾಗಬೇಡಿ: ದಿನಕ್ಕೆ ಕನಿಷ್ಠ ಎಷ್ಟು ಕಿ.ಮೀ., ಡ್ರೈವರ್ ಬಾಟಾ ಎಷ್ಟು, ಹೊರರಾಜ್ಯದ ಪರ್ಮಿಟ್ ತೆರಿಗೆ ಯಾರದು, ಮೀಟರ್ ಅವರ ಶೆಡ್ಡಿನಿಂದ ಶುರುವೋ ನಿಮ್ಮ ಮನೆಯಿಂದಲೋ, ಎಲ್ಲವನ್ನೂ ಬರೆಸಿಕೊಳ್ಳಿ.

ಪೆಟ್ರೋಲ್, ಸವಕಳಿ, ಟೋಲ್ ಸೇರಿ 12,000 ಎಂದಿಟ್ಟುಕೊಂಡರೆ ಐದು ಜನರಿಗೆ ತಲಾ 2,400. ಇಬ್ಬರಿಗಾದರೆ ತಲಾ 6,000. ಮೈಸೂರಿನಿಂದ ಹೈದರಾಬಾದಿನ ಕಾಚಿಗೂಡಕ್ಕೆ ಹೋಗುವ ರೈಲು ನಮ್ಮ ಹಳಿಯ ಮೇಲೆಯೇ ಓಡುತ್ತದೆ. ಗಂಡ ಹೆಂಡತಿ ಇಬ್ಬರೇ ಹೋಗುವುದಾದರೆ ಕಾರು ಮನೆಯಲ್ಲೇ ಇರಲಿ, ರೈಲಿಗೆ ಟಿಕೆಟ್ ಮಾಡಿಸಿ.