ಶಕ್ತಿತಸ್ತಪ ಮತ್ತು ಸ್ನಾಯುಬಲ

ಷೋಡಶಕಾರಣ ಭಾವನೆಗಳಲ್ಲಿ ಶಕ್ತಿತಸ್ತಪವೂ ಒಂದು. ತನಗಿರುವ ಶಕ್ತಿಯನ್ನು ಮರೆಮಾಚದೆ, ಅದನ್ನು ಮೀರದೆ ತಪವನ್ನಾಚರಿಸಬೇಕೆಂಬುದು ಅದರ ತಾತ್ಪರ್ಯ. ಹಾಗಾದರೆ ದೇಹಶಕ್ತಿಯನ್ನು ಅರಿಯುವ ಬಗೆ ಹೇಗೆ? ವೈಯಾಲಿಕಾವಲಿನ ಏರುಬೀದಿಗಳಲ್ಲಿ ನಡೆದು ಜಿನದರ್ಶನಕ್ಕೆ ಹೊರಡುವ ವೃದ್ಧ ಶ್ರಾವಕನಿಗೆ ಅವನ ಕಾಲುಗಳೇ ಮೊದಲ ಉತ್ತರವನ್ನು ಕೊಡುತ್ತವೆ. ಉಪವಾಸದಲ್ಲಿ ದೇಹವು ಕೊಬ್ಬನ್ನು ಮಾತ್ರವಲ್ಲದೆ ಸ್ನಾಯುಗಳನ್ನೂ ವ್ಯಯಿಸುತ್ತದೆ.

ಪ್ರೌಢ ದೇಹದ ತೂಕದಲ್ಲಿ ಶೇಕಡಾ 30ರಿಂದ 40ರಷ್ಟು ಭಾಗ ಅಸ್ಥಿಗಳನ್ನು ಚಲಿಸುವ ಸ್ನಾಯುಗಳದು. ಅವು ಸಸಾರಜನಕದ ಭಂಡಾರವೂ ಹೌದು. ಆಹಾರ ನಿಂತ ಸುಮಾರು ಒಂದು ದಿನದಲ್ಲಿ ಯಕೃತ್ತಿನಲ್ಲಿ ಸಂಗ್ರಹವಾಗಿದ್ದ ಗ್ಲೈಕೋಜನ್ ಬಹುಮಟ್ಟಿಗೆ ತೀರುತ್ತದೆ. ಸ್ನಾಯುವಿನಲ್ಲಿಯೂ ಗ್ಲೈಕೋಜನ್ ಉಂಟು. ಆದರೆ ಅದನ್ನು ಸಕ್ಕರೆಯಾಗಿ ರಕ್ತಕ್ಕೆ ಬಿಡಲು ಬೇಕಾದ ಕಿಣ್ವ ಅಲ್ಲಿಲ್ಲ. ಆದುದರಿಂದ ಮಿದುಳಿಗೆ ಸಕ್ಕರೆಯನ್ನು ಒದಗಿಸಲು ಸ್ನಾಯುವಿನ ಸಸಾರಜನಕವೇ ಕರಗಬೇಕಾಗುತ್ತದೆ.

ಅಮೆರಿಕದ ಬಾಸ್ಟನ್ನಿನಲ್ಲಿ ಜಾರ್ಜ್ ಕಾಹಿಲ್, ಆಲಿವರ್ ಓವೆನ್ ಮೊದಲಾದವರು ದೀರ್ಘ ನಿರಾಹಾರವನ್ನು ಅಭ್ಯಸಿಸಿದರು. ಮಿದುಳು ಕ್ರಮೇಣ ಕೊಬ್ಬಿನಿಂದ ಹುಟ್ಟುವ ಕೀಟೋನುಗಳನ್ನು ಬಳಸತೊಡಗುತ್ತದೆಂದು 1967ರಲ್ಲಿ ತೋರಿಸಿದರು. ಮೊದಲ ದಿನಗಳಲ್ಲಿ ನಿತ್ಯ ಸುಮಾರು 75 ಗ್ರಾಂ ಸಸಾರಜನಕ ಕರಗಿದರೆ, ಕೆಲವು ವಾರಗಳ ಅನಂತರ ಅದು ಸುಮಾರು 20 ಗ್ರಾಂಗೆ ಇಳಿಯುತ್ತದೆ. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ: ದೇಹದ ಈ ಮಿತವ್ಯಯ ಒಡನೆಯೇ ಕೈಗೂಡುವುದಿಲ್ಲ. ದಶಲಕ್ಷಣ ಪರ್ವದ ಹತ್ತು ದಿನಗಳ ಉಪವಾಸದಲ್ಲಿ ಸ್ನಾಯುವ್ಯಯ ಹೆಚ್ಚಾಗಿರುವ ಆರಂಭದ ಅವಧಿಯೇ ಬಹುಪಾಲು.

ಯುವಕರು ಈ ನಷ್ಟವನ್ನು ಬೇಗ ತುಂಬಿಕೊಳ್ಳುತ್ತಾರೆ. ವೃದ್ಧರ ಸ್ನಾಯು ಹಾಗಲ್ಲ. ವಯಸ್ಸಿನೊಡನೆ ಬರುವ ಸ್ನಾಯುಕ್ಷಯಕ್ಕೆ 1989ರಲ್ಲಿ ಅರ್ವಿನ್ ರೋಸೆನ್‌ಬರ್ಗ್ 'ಸಾರ್ಕೊಪೀನಿಯ' ಎಂದು ಹೆಸರಿಟ್ಟರು. ಮೊದಲೇ ಕ್ಷೀಣಿಸಿದ ಸ್ನಾಯು ಮತ್ತಷ್ಟು ಕರಗಿದರೆ ಬೀಳುವ ಭಯ ಹೆಚ್ಚುತ್ತದೆ. ಇನ್ನು ಕೊಬ್ಬನ್ನು ಉರಿಸಿಕೊಳ್ಳುವ ಶಕ್ತಿ ಸ್ನಾಯುವಿನಲ್ಲಿ ಜನ್ಮತಃ ಕುಂದಿರುವ ವಿರಳ ರೋಗಿಗಳುಂಟು. ಅವರಿಗೆ ದೀರ್ಘ ಹಸಿವಿನಿಂದ ಸ್ನಾಯುತಂತುಗಳು ಒಡೆದು, ಮೂತ್ರ ಕಪ್ಪಾಗಿ, ಮೂತ್ರಪಿಂಡವೇ ಕೆಡಬಹುದು. ಅಂತಹವರಿಗೆ ಉಪವಾಸ ಸಲ್ಲದು. ಇನ್ಸುಲಿನ್ ತೆಗೆದುಕೊಳ್ಳುವ ಮಧುಮೇಹಿಗಳು ವೈದ್ಯರನ್ನು ಕೇಳದೆ ವ್ರತ ಹಿಡಿಯಬಾರದು.

ಪಾರಣೆಯೂ ವ್ರತದ ಅಂಗವೇ. ದೀರ್ಘೋಪವಾಸದ ಬಳಿಕ ಒಮ್ಮೆಲೇ ಹೆಚ್ಚು ಉಂಡರೆ ರಕ್ತದಲ್ಲಿನ ರಂಜಕಾಂಶ ಕುಸಿದು ಹೃದಯವೂ ಉಸಿರಾಟದ ಸ್ನಾಯುಗಳೂ ಸೋಲಬಹುದು. ತೆಳುಗಂಜಿ, ಹೆಸರುಬೇಳೆಯ ಕಟ್ಟುಗಳಿಂದ ಸ್ವಲ್ಪ ಸ್ವಲ್ಪವಾಗಿ ಆರಂಭಿಸುವ ಹಿರಿಯರ ಪದ್ಧತಿ ಇದಕ್ಕೆ ಅನುಗುಣವಾಗಿದೆ. ಅನಂತರದ ದಿನಗಳಲ್ಲಿ ಕರಗಿದ ಸ್ನಾಯುವನ್ನು ಮರಳಿ ಕಟ್ಟಬೇಕು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಡಾ. ಅನುರ ಕುರ್ಪಾಡ್ ಮತ್ತು ಸಹೋದ್ಯೋಗಿಗಳು ಭಾರತೀಯರ ದೇಹಕ್ಕೆ ಬೇಕಾದ ಲೈಸಿನ್ ಎಂಬ ಅಮೈನೋ ಆಮ್ಲದ ಪ್ರಮಾಣವನ್ನು ಅಳೆದರು. ಧಾನ್ಯಗಳಲ್ಲಿ ಕಡಿಮೆಯಿರುವ ಈ ಅಂಶವನ್ನು ಬೇಳೆಕಾಳುಗಳು ಪೂರೈಸುತ್ತವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ, ಎಂದರೆ 50 ಕಿಲೋ ತೂಕದವರಿಗೆ ಸುಮಾರು 42 ಗ್ರಾಂ ಸಸಾರಜನಕ ಬೇಕು. ದ್ವಿದಳ ದೋಷವಾಗದಂತೆ ಬೇಳೆ ಒಂದು ಹೊತ್ತು, ಹಾಲುಮೊಸರು ಮತ್ತೊಂದು ಹೊತ್ತು ಸೇವಿಸಬಹುದು. ಜೊತೆಗೆ ನಡಿಗೆಯೂ ಬೇಕು.

ಅನಶನವೊಂದೇ ಬಾಹ್ಯ ತಪವಲ್ಲ; ಅವಮೌದರ್ಯ, ರಸಪರಿತ್ಯಾಗಗಳೂ ತಪಗಳೇ. ಹತ್ತು ಉಪವಾಸಗಳಿಗೆ ದೇಹ ಒಪ್ಪದ ವೃದ್ಧರು ಏಕಭುಕ್ತವನ್ನು ಕೈಗೊಂಡರೆ ವ್ರತ ಕಿರಿದಾಗುವುದಿಲ್ಲ. ಕಾಯೋತ್ಸರ್ಗದಲ್ಲಿ ಸ್ಥಿರವಾಗಿ ನಿಲ್ಲುವುದಕ್ಕೂ ಕಾಲಿನ ಬಲ ಬೇಕು. ಅದನ್ನು ಕಾಯ್ದುಕೊಳ್ಳುವುದೂ ವ್ರತಿಯ ಕರ್ತವ್ಯ.